ಮೂವತ್ತಾರನೇ ವಯಸ್ಸಿನ ಕಣ್ಣು

ಜನವರಿ ೯

ಪತ್ರಿಕೆಯವರಿಗೆ: ದಯವಿಟ್ಟು ಇದನ್ನು ನಿಮ್ಮಲ್ಲಿ ಪದ್ಯಗಳನ್ನು ನೋಡಿಕೊಳ್ಳುವವಳಿಗೆ ತಲುಪಿಸಿ.
ಬೇರೆ ಯಾರೂ ಓದಬೇಡಿ. ಇದು ಅವಳ ಸ್ವಂತ ವಿಷಯ.

ಪಿಟ್ಟೆ,

ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ. ನಡುವೆ ನಿಲ್ಲಿಸಬೇಡ.

ಈ ತಿಂಗಳು ನಿನಗೆ ಮೂವತ್ತಾರು ತುಂಬಿತು. ನಿನ್ನ ಬಲಗಣ್ಣಿಗೆ ಎಂಟು. ಆರು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು, ವರ್ಷಕ್ಕೊಮ್ಮೆ ಪಾಲಿಶ್ ಆಗಬೇಕು ಎಂದು ಸಾವಿರ ಸಲ ನಿನ್ನ ತಲೆ ತಿಂದಿದ್ದೇನೆ. ಈಗ ಅದರ ಅಂಚು ಒರಟಾಗಿರುತ್ತದೆ. ಬೆಳಿಗ್ಗೆ ಎದ್ದಾಗ ರೆಪ್ಪೆ ಅಂಟಿಕೊಂಡಿರುತ್ತದೆ. ಗಾಳಿಗೆ ಹೋದರೆ ನೀರು ಸುರಿಯುತ್ತದೆ. ಸುಳ್ಳು ಅನ್ನು ನೋಡೋಣ.

ನಿನ್ನ ಮೂವತ್ತಾರನೇ ವಯಸ್ಸಿನ ಕಣ್ಣನ್ನು ಮೊನ್ನೆ ಮುಗಿಸಿದೆ. ಐವತ್ತರದು ಹೋದ ವರ್ಷವೇ ಆಗಿತ್ತು. ನಲವತ್ತೆರಡರದಕ್ಕೆ ಪಾಲಿಶ್ ಒಂದು ಬಾಕಿ. ವಯಸ್ಸಾದ ಹಾಗೆ ಬಿಳಿ ಭಾಗ ಸ್ವಲ್ಪ ಹಳದಿಗೆ ತಿರುಗುತ್ತದೆ, ಕರಿಗುಡ್ಡೆಯ ಸುತ್ತ ತೆಳುವಾದ ಬೂದು ಉಂಗುರ ಬರುತ್ತದೆ. ನಮ್ಮ ಮನೆಯವರಿಗೆಲ್ಲ ಬಂದಿದೆ, ನಿನಗೂ ಬರುತ್ತದೆ. ಐವತ್ತರ ಕಣ್ಣಿನಲ್ಲಿ ಆ ಉಂಗುರವನ್ನೂ ಬರೆದಿದ್ದೇನೆ. ಮೂರನ್ನೂ ಬಿಳಿ ಬಟ್ಟೆ ಹಾಸಿದ ಡಬ್ಬಿಯಲ್ಲಿ ಕಿಟಕಿಯ ಹತ್ತಿರ ಇಟ್ಟಿದ್ದೇನೆ. ಕೆಲಸಕ್ಕೆ ಕೂತರೆ ಮೂರು ವಯಸ್ಸಿನ ನೀನು ನನ್ನನ್ನು ನೋಡುತ್ತಿರುತ್ತೀ. ಮೂವರಲ್ಲಿ ಒಬ್ಬಳೂ ಮಾತಾಡುವುದಿಲ್ಲ, ಅದೂ ನಿನ್ನ ಹಾಗೆಯೇ.

ಇದು ಹುಚ್ಚು ಕೆಲಸ. ಕಸುಬು ಗೊತ್ತಿರುವವರು ಯಾರೂ ಮಾಡುವುದಿಲ್ಲ. ಎದುರಿಗೆ ಮನುಷ್ಯರು ಕೂರದೆ ಕಣ್ಣು ಮಾಡಲು ಬರುವುದಿಲ್ಲ. ಕಣ್ಣಿನ ಗೂಡಿನ ಅಳತೆ ಬದಲಾಗಿರುತ್ತದೆ, ಇನ್ನೊಂದು ಕಣ್ಣಿನ ಬಣ್ಣವನ್ನು ಹಗಲು ಬೆಳಕಿನಲ್ಲಿ ನೋಡುತ್ತ ನೋಡುತ್ತಲೇ ಬರೆಯಬೇಕು. ನೆನಪಿನಿಂದ ಮಾಡಿದ ಕಣ್ಣು ಯಾರ ಮುಖಕ್ಕೂ ಸರಿಯಾಗಿ ಕೂರುವುದಿಲ್ಲ. ಗೊತ್ತಿದ್ದೂ ಮಾಡಿದೆ.

ನಿನಗೆ ಆಗ ಎರಡು ವರ್ಷ. ಜೀವ ಉಳಿಯಬೇಕಾದರೆ ಕಣ್ಣು ತೆಗೆಯಬೇಕು ಅಂದರು, ತೆಗೆದರು. ಆಸ್ಪತ್ರೆಯಲ್ಲಿ ಡ್ರಾಯರ್ ಎಳೆದು, ಇದ್ದುದರಲ್ಲೇ ಒಂದನ್ನು ಆರಿಸಿ ಹಾಕಿದರು. ನೀನು ನನ್ನ ಕಡೆ ನೋಡಿದರೆ ಆ ಕಣ್ಣು ಬಾಗಿಲ ಕಡೆ ನೋಡುತ್ತಿತ್ತು. ನಾನು ಆಗ ಆಟಿಕೆ ಕಾರ್ಖಾನೆಯಲ್ಲಿ ಗೊಂಬೆಗಳ ಮುಖ ಬರೆಯುತ್ತಿದ್ದೆ. ದಿನಕ್ಕೆ ಇನ್ನೂರು ಜೊತೆ ಕಣ್ಣು ಬರೆಯುವವನ ಮಗಳಿಗೆ ಒಂದು ನೆಟ್ಟಗಿನ ಕಣ್ಣಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಆಸ್ಪತ್ರೆಯ ಕಣ್ಣಿನ ಮೇಸ್ತ್ರಿಯ ಕೋಣೆ ಗುಡಿಸಿಕೊಂಡು ಆರು ತಿಂಗಳು ಕೆಲಸ ಕಲಿತೆ.

ಆಮೇಲೆ ಶುರುವಾಯಿತು ನನ್ನ ಜಂಬ. ಯಾರಿಗೂ ಗೊತ್ತಾಗದ ಕಣ್ಣು ಮಾಡಿದ್ದೇನೆ, ಯಾರಿಗೂ ಗೊತ್ತಾಗಬಾರದು ಎಂದು ನಿನ್ನ ಬಾಯಿಗೂ ಬೀಗ ಹಾಕಿದೆ. ನೀನು ಮೆಚ್ಚಿದವನಿಗೆ ನೀನೇ ಹೇಳಿದೆ. ಅವನು ಬಿಟ್ಟುಹೋದ. ನೀನು ಅಳುತ್ತ ಮನೆಗೆ ಬಂದರೆ ನಾನು ಏನಂದೆ? "ನಾನು ಹೇಳಿರಲಿಲ್ವಾ?" ಅಂದೆ. ಮಗಳು ಅಳುತ್ತಿರುವಾಗ ಅಪ್ಪ ಆಡುವ ಮಾತೇ ಅದು? ನೀನು ಮನೆ ಬಿಟ್ಟ ದಿನದಿಂದ ನಾಲಿಗೆ ಕಚ್ಚಿಕೊಳ್ಳುತ್ತಿದ್ದೇನೆ. ತಪ್ಪಾಯಿತು ಪಿಟ್ಟೆ. ಹೊಟ್ಟೆಗೆ ಹಾಕಿಕೊ.

ನನ್ನ ಬಲಗೈ ನಡುಗಲು ಶುರುವಾಗಿದೆ. ಇನ್ನೊಂದು ಆರು ತಿಂಗಳು ಕುಂಚ ಹಿಡಿಯಬಹುದು, ಆಮೇಲೆ ಹೇಳಲಾಗದು ಎಂದಿದ್ದಾರೆ ಡಾಕ್ಟರು. ಬೇರೆಯವರ ಕೆಲಸ ಒಪ್ಪಿಕೊಳ್ಳುವುದನ್ನು ಬಿಟ್ಟೆ. ಉಳಿದಿರುವುದು ನಿನ್ನದೊಂದೇ. ಬೆಳಿಗ್ಗೆ ಬಂದು ಕಿಟಕಿಯ ಹತ್ತಿರ ಕೂತುಕೊ, ಮಾತಾಡದಿದ್ದರೂ ಪರವಾಗಿಲ್ಲ. ಬರುವುದೇ ಇಲ್ಲ ಎಂದಾದರೆ ಬೇರೆ ಯಾರ ಹತ್ತಿರವಾದರೂ ಮಾಡಿಸಿಕೊ. ನನ್ನ ಮೇಲಿನ ಸಿಟ್ಟನ್ನು ಕಣ್ಣಿನ ಮೇಲೆ ತೀರಿಸಬೇಡ.

ಇತಿ,
ನಿನ್ನ ಅಪ್ಪ


ಫೆಬ್ರವರಿ ೨೦

ಹೆಸರು ತಿಳಿಯದ ಕತೆಗಾರರಿಗೆ ನಮಸ್ಕಾರ.

ನಮ್ಮದು ಕಲ್ಪನಾಲೋಕದ ಕತೆ, ಕವಿತೆಗಳಿಗೆಂದೇ ಇರುವ ಅಂತರ್ಜಾಲ ಪತ್ರಿಕೆ ಎಂಬುದು ನಿಮಗೆ ಗೊತ್ತೇ ಇದೆ. ನಡೆಸುವವರು ಏಳು ಜನ ಹೆಂಗಸರು. ಎಲ್ಲರಿಗೂ ಹೊಟ್ಟೆಪಾಡಿಗೆ ಬೇರೆ ಕೆಲಸವಿದೆ. ನಾನು ಔಷಧದ ಅಂಗಡಿಯವಳು. ಬಂದ ಬರಹದ ಮೊದಲ ಎರಡು ಸಾಲು, ಕೊನೆಯ ಎರಡು ಸಾಲುಗಳನ್ನು ಕಂಪ್ಯೂಟರೇ ಕತ್ತರಿಸಿ ನಮಗೆ ಕೊಡುತ್ತದೆ, ಏಕೆಂದರೆ ಹೆಸರು, ಪರಿಚಯ, ಶಿಫಾರಸು ಎಲ್ಲ ಇರುವುದು ಅಲ್ಲೇ. ಬರೆದವರು ಯಾರೆಂದು ತಿಳಿಯದೆ ಮೂವರು ಓದುತ್ತೇವೆ. ಈ ಉತ್ತರವನ್ನು ನಿಮಗೆ ಮುಟ್ಟಿಸುವುದೂ ಅದೇ ಕಂಪ್ಯೂಟರು.

ಪತ್ರದ ರೂಪದ ಕತೆ ಎಂದರೆ ನಮಗೆ ಗಾಬರಿ. ವಾರಕ್ಕೆ ಎರಡಾದರೂ ಬರುತ್ತವೆ. ಹೆಚ್ಚಿನವನ್ನು ಸತ್ತವರು ಬರೆದಿರುತ್ತಾರೆ, ಸತ್ತ ಮೇಲೂ ಅವರಿಗೆ ಕಾಗುಣಿತ ಬಂದಿರುವುದಿಲ್ಲ. ಹಾಗಾಗಿ ನಿಮ್ಮದನ್ನೂ ಮೂಗು ಮುರಿದುಕೊಂಡೇ ತೆರೆದೆ. ಮುಗಿಸುವ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿ ನಿಂತು ಎರಡು ಸಲ ಕೆಮ್ಮಿದ್ದು ಕೇಳಿಸಿರಲಿಲ್ಲ.

ಮಗಳ ಮುಂದೆ ಬರಲಿರುವ ವಯಸ್ಸುಗಳಿಗೆಲ್ಲ ಈಗಲೇ ಕಣ್ಣು ಮಾಡಿಡುವ ಅಪ್ಪ! ಇಂಥ ಕಲ್ಪನೆ ನಿಮಗೆ ಎಲ್ಲಿಂದ ಹೊಳೆಯಿತು ಸ್ವಾಮಿ? ನಮ್ಮ ಎರಡನೆಯ ಓದುಗರು, ಡಬ್ಬಿಯಲ್ಲಿರುವ ಮೂರು ಕಣ್ಣುಗಳು ಕಾಲದ ರೂಪಕ ಎಂದು ಒಂದೂವರೆ ಪುಟ ಬರೆದಿದ್ದಾರೆ. ಮುಂದಿನ ಸಂಚಿಕೆಯ ಮೊದಲ ಕತೆಯಾಗಿ ಇದನ್ನು ಆರಿಸಿದ್ದೇವೆ. ಒಂದೇ ಒಂದು ಸಲಹೆ. ಕೊನೆ ಸ್ವಲ್ಪ ಮೊಟಕಾಯಿತು. ಮಗಳು ಬಂದಳೋ ಇಲ್ಲವೋ ಹೇಳಿದ್ದರೆ ಚೆನ್ನಾಗಿತ್ತು.

ಒಂದು ಮಾತು ಮುಚ್ಚಿಡಬಾರದು. ಒಪ್ಪಿದವರು ಇಬ್ಬರು. ಮೂರನೆಯವರು, ಕವಿತೆ ವಿಭಾಗ ನೋಡಿಕೊಳ್ಳುವ ಗೆಳತಿ, ಅಭಿಪ್ರಾಯದ ಜಾಗವನ್ನು ಖಾಲಿ ಬಿಟ್ಟು ಹಿಂದಿರುಗಿಸಿದ್ದಾರೆ. ಆರು ವರ್ಷದಲ್ಲಿ ಅವರು ಹೀಗೆ ಮಾಡಿದ್ದಿಲ್ಲ. ಆದರೆ ನಮ್ಮಲ್ಲಿ ಎರಡು ಮತ ಸಾಕು. ಶೀರ್ಷಿಕೆಯನ್ನೂ ಎರಡು ಸಾಲಿನ ಪರಿಚಯವನ್ನೂ ಕಳಿಸಿಕೊಡಿ. ಇಂಥದ್ದೊಂದನ್ನು ಬರೆದು ನಮಗೇ ಕಳಿಸಿದ್ದಕ್ಕೆ ನಿಮ್ಮ ಉಪಕಾರ ದೊಡ್ಡದು.

ವಿಶ್ವಾಸದಿಂದ,
ಸಂಪಾದಕಿ


ಫೆಬ್ರವರಿ ೨೧

ಸಂಪಾದಕಿಯವರಿಗೆ,

ಅಯ್ಯೋ ತಾಯಿ, ಅದು ಕತೆಯಲ್ಲ!

ಅದು ಪತ್ರ. ನಿಮ್ಮ ಪತ್ರಿಕೆಯಲ್ಲಿ ಇದ್ದುದು ಅದೊಂದೇ ವಿಳಾಸ, ಅದಕ್ಕೇ ಕಳಿಸಿದೆ. ಒಂದು ಬೆರಳಿನಲ್ಲಿ ಕುಟ್ಟಿ ಕುಟ್ಟಿ ಮೂರು ದಿನ ಹಿಡಿಯಿತು. ನಾನು ಕಣ್ಣು ಮಾಡುವವನು, ಮೂವತ್ತನಾಲ್ಕು ವರ್ಷದಿಂದ ಅದೇ ಕೆಲಸ. ಬೇಕಿದ್ದರೆ ಬಂದು ಡಬ್ಬಿ ನೋಡಿ. ಕಾಲದ ರೂಪಕವಂತೆ! ರೂಪಕ ಅಂದರೇನು ಅಂತ ನನಗೂ ಗೊತ್ತಮ್ಮ, ಇವು ಅಕ್ರಿಲಿಕ್. ಕೈಜಾರಿದರೆ ಮಂಚದ ಕೆಳಗೆ ಹೋಗುತ್ತವೆ, ಹುಡುಕಿ ಹುಡುಕಿ ನನ್ನ ಸೊಂಟ ಹಿಡಿದುಕೊಳ್ಳುತ್ತದೆ. ಮಗಳು ಬಂದಳೋ ಇಲ್ಲವೋ ಎಂದು ಕೇಳಿದ್ದೀರಿ. ಅದನ್ನೇ ನಾನೂ ಕೇಳುತ್ತಿದ್ದೇನೆ.

ನಿಮ್ಮ ಕಾಗದ ನೋಡಿ ಮೊದಲು ಸಿಟ್ಟು ಬಂತು. ಆಮೇಲೆ ಜೀವ ಬಾಯಿಗೆ ಬಂತು. ಯಾರಿಗೆ ಕೊಡಬೇಕು ಎಂದು ಮೇಲಿನ ಎರಡು ಸಾಲಿನಲ್ಲಿ ಬರೆದಿದ್ದೆ. ಆ ಸಾಲು ಉಳಿದಿದ್ದರೆ ಅವಳ ಗುಟ್ಟು ನಿಮ್ಮೆಲ್ಲರ ಮುಂದೆ ಬಯಲಾಗುತ್ತಿತ್ತು. ಅವಳು ನಿಮಗೆ ಹೇಳಿದ್ದಾಳೋ ಇಲ್ಲವೋ ನನಗೇನು ಗೊತ್ತು? ಹಿಂದೆ ನನ್ನ ಜಂಬಕ್ಕೆ ಅವಳ ಬಾಯಿ ಮುಚ್ಚಿಸಿದೆ. ಈಗ ನನ್ನ ಆತುರಕ್ಕೆ ಅವಳ ಗುಟ್ಟು ಊರಿಗೆಲ್ಲ ಹೇಳಲು ಹೊರಟಿದ್ದೆ. ಎರಡು ಸಲವೂ ಅವಳನ್ನು ಒಂದು ಮಾತು ಕೇಳಲಿಲ್ಲ. ನಿಮ್ಮ ಕಂಪ್ಯೂಟರಿಗೆ ನನ್ನ ನಮಸ್ಕಾರ ತಿಳಿಸಿ, ನನಗಿಂತ ಅದಕ್ಕೇ ಬುದ್ಧಿ ಇದೆ.

ದಯವಿಟ್ಟು ಪ್ರಕಟಿಸಬೇಡಿ. ಯಾರಿಗೆ ಬರೆದದ್ದು ಎಂದು ಕೇಳಬೇಡಿ, ಹೇಳಲಾರೆ. ಅವಳಿಗೆ ಕೊಡಿ ಎಂದೂ ಈಗ ಹೇಳುವ ಹಾಗಿಲ್ಲ. ಕೊಡದೆ ಇದ್ದರೆ ಅವಳು ಬರುವುದು ಹೇಗೆ ಎಂದೂ ತಿಳಿಯುತ್ತಿಲ್ಲ. ನನ್ನ ಕೈಗೆ ಇರುವುದು ಇನ್ನು ನಾಲ್ಕೂವರೆ ತಿಂಗಳು.

ಮೂರನೆಯವರು ಏನೂ ಬರೆಯಲಿಲ್ಲ ಎಂದಿರಿ. ಅವರು ಚೆನ್ನಾಗಿದ್ದಾರಾ? ಮೂವರೂ ಚೆನ್ನಾಗಿದ್ದೀರಾ ಎಂದು ಕೇಳಿದೆ, ಅಷ್ಟೆ.

ಇತಿ,
ಕಣ್ಣು ಮಾಡುವವ

ಮರೆತಿದ್ದೆ. ನಿಮ್ಮ ಹಳೆಯ ಸಂಚಿಕೆಗಳನ್ನೆಲ್ಲ ಓದಿದೆ. ನೆರಳನ್ನು ಬಾಡಿಗೆಗೆ ಕೊಡುವ ಪಟ್ಟಣದ ಕತೆ ಬಹಳ ಹಿಡಿಸಿತು. ಆದರೆ ದೀಪ ಎಡಗಡೆ ಇದ್ದರೆ ನೆರಳು ಬಲಗಡೆ ಬೀಳಬೇಕಲ್ಲವೇ? ಮುದುಕಿ ಬಾಗಿಲು ತೆರೆಯುವ ಕಡೆ ತಪ್ಪಾಗಿದೆ. ಬರೆದವರಿಗೆ ಹೇಳಿ.


ಫೆಬ್ರವರಿ ೨೬

ಹಿರಿಯರಿಗೆ ನಮಸ್ಕಾರ.

ನನ್ನ ಮುಖ ಇನ್ನೂ ಕೆಂಪಗಿದೆ. ಒಬ್ಬ ತಂದೆಯ ಕ್ಷಮಾಪಣೆಗೆ 'ಕೊನೆ ಮೊಟಕಾಯಿತು' ಎಂದು ಬರೆದವಳು ನಾನು. ದಯವಿಟ್ಟು ಮನ್ನಿಸಿ.

ನಿಮ್ಮ ಪತ್ರ ಪ್ರಕಟವಾಗುವುದಿಲ್ಲ. ಕತ್ತರಿಸಿದ ಸಾಲುಗಳು ಯಂತ್ರದ ಒಳಗೆ ಎಲ್ಲೋ ಇರುತ್ತವೆ, ತೆಗೆದು ನೋಡುವ ದಾರಿ ನನಗೆ ಗೊತ್ತಿದೆ, ನೋಡುವುದಿಲ್ಲ. ಆದರೆ ಒಂದು ಕೆಲಸ ಮಾಡಿದ್ದೇನೆ. ಬಂದ ಬರಹಗಳ ಪಟ್ಟಿಯೊಂದು ನಮ್ಮೆಲ್ಲರಿಗೂ ಕಾಣುವ ಹಾಗೆ ಇರುತ್ತದೆ. ಅದರಲ್ಲಿ ನಿಮ್ಮದರ ಮುಂದೆ ಹೀಗೆ ಬರೆದಿಟ್ಟೆ: 'ಇದು ಕತೆಯಲ್ಲ, ಪತ್ರ. ಯಾರಿಗೆ ಬಂದದ್ದೋ ಅವರು ತೆಗೆದುಕೊಂಡು ಹೋಗಬಹುದು. ಯಾರೂ ಏನೂ ಕೇಳುವುದಿಲ್ಲ.' ಎರಡನೆಯ ಓದುಗರು ತಮ್ಮ ಒಂದೂವರೆ ಪುಟವನ್ನು ಸದ್ದಿಲ್ಲದೆ ಅಳಿಸಿದ್ದಾರೆ.

ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ, ಔಷಧದ ರಟ್ಟಿನ ಪೆಟ್ಟಿಗೆಗಳ ಮಧ್ಯೆ ಸೇರುತ್ತೇವೆ. ಮೂವರೂ ಚೆನ್ನಾಗಿದ್ದೇವೆ. ಒಬ್ಬರು ಮಾತ್ರ ಈಚೆಗೆ ಸ್ವಲ್ಪ ಸಪ್ಪಗಿದ್ದಾರೆ. ಆಗಾಗ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಾರೆ, ಫ್ಯಾನಿನ ಗಾಳಿಗೆ ನೀರು ಬರುತ್ತದೆ ಎನ್ನುತ್ತಾರೆ. ಕೇಳಿದಿರಿ, ಹೇಳಿದೆ, ಅಷ್ಟೆ.

ನೆರಳಿನ ಕತೆ ಬರೆದವರು ನಿಮಗೆ ಕೃತಜ್ಞತೆ ಹೇಳಿದ್ದಾರೆ. ದೀಪವನ್ನು ಬಲಗಡೆಗೆ ಸರಿಸಿದ್ದಾರಂತೆ.

ವಿಶ್ವಾಸದಿಂದ,
ಸಂಪಾದಕಿ


ಮಾ‌ರ್ಚ್ ೩೦

ಹಿರಿಯರಿಗೆ,

ಇವತ್ತು ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಪಟ್ಟಿ ನೋಡಿದೆ. ನಿಮ್ಮ ಪತ್ರ ಅಲ್ಲಿ ಇಲ್ಲ. ಒಂದು ತಿಂಗಳು ಇದ್ದದ್ದು ಈಗಿಲ್ಲ. ಯಾರು ತೆಗೆದುಕೊಂಡರು ಎಂದು ನಾನು ನೋಡಲಿಲ್ಲ, ಕೇಳಲೂ ಇಲ್ಲ. ಆದರೆ ಈ ಸುದ್ದಿಯನ್ನು ನಿಮಗೆ ತಿಳಿಸದೆ ಅಂಗಡಿಯ ಬಾಗಿಲೆತ್ತಲು ಮನಸ್ಸು ಬರಲಿಲ್ಲ.

ನಿಮ್ಮ ಕೈ ಹೇಗಿದೆ? ಹೇಳಿದ ಹೊತ್ತಿಗೆ ಮಾತ್ರೆ ತೆಗೆದುಕೊಳ್ಳಿ. ಔಷಧದ ಅಂಗಡಿಯವಳು ಬೇರೆ ಏನು ಹೇಳಲಿ.

ಸಂಪಾದಕಿ


ಏಪ್ರಿಲ್ ೧೮

ಅಪ್ಪ,

ಪಿಟ್ಟೆ ಎಂದು ಎಷ್ಟೋ ಮನೆಗಳಲ್ಲಿ ಕರೆಯುತ್ತಾರೆ ಅಂದುಕೊಂಡೆ, ಎರಡನೇ ಸಾಲಿಗೇ ಗೊತ್ತಾಯಿತು. 'ನಡುವೆ ನಿಲ್ಲಿಸಬೇಡ' ಎಂದು ಊಟದ ತಟ್ಟೆಯ ಮುಂದೆಯೂ ಲೆಕ್ಕದ ಪುಸ್ತಕದ ಮುಂದೆಯೂ ಹೇಳುತ್ತಿದ್ದವನು ನೀನೊಬ್ಬನೇ. ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುವ ನನ್ನ ಮೇಜಿನ ಮುಂದೆ ಕೂತು, ಊಟದ ಬಿಡುವಿನಲ್ಲಿ, ಯಾರೋ ಬರೆದ ಕತೆ ಎಂದು ತೆರೆದೆ. ಒಳಗೆ ನಾನೇ ಇದ್ದೆ. ಓದಿ ಮುಗಿಸುವಾಗ ಒಂದೇ ಕಣ್ಣಲ್ಲ, ಎರಡರಲ್ಲೂ ನೀರಿತ್ತು. ಅಭಿಪ್ರಾಯ ಬರೆಯಿರಿ ಎಂಬ ಜಾಗದಲ್ಲಿ ಏನು ಬರೆಯಲಿ? 'ಪಾತ್ರಚಿತ್ರಣ ನೈಜವಾಗಿದೆ' ಎಂದೇ?

ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಧ ಕ್ಷಮಿಸಿದ್ದೇನೆ. ಇನ್ನರ್ಧಕ್ಕೆ ನೀನು ಎದುರಿಗೆ ಕೂತು ಬೈಸಿಕೊಳ್ಳಬೇಕು. ಆ ಹುಡುಗ ಬಿಟ್ಟುಹೋದದ್ದು ಎಂದೋ ಮರೆತುಹೋಯಿತು. ಆ ನಿನ್ನ ಮಾತು ಮಾತ್ರ ಇನ್ನೂ ಮರೆತಿಲ್ಲ.

ಆದರೆ ನನ್ನದೂ ಒಂದು ಇದೆ. ಮುಚ್ಚಿಡಲು ಹೇಳುತ್ತೀಯ ಎಂದು ಜಗಳವಾಡಿ ಮನೆ ಬಿಟ್ಟೆ. ಬಿಟ್ಟು ಬಂದ ಮೇಲೆ ನಾನು ಮಾಡಿದ್ದೇನು? ಡಿಪೋದಲ್ಲಿ ಯಾರಿಗೂ ಹೇಳಲಿಲ್ಲ. ಶನಿವಾರದ ಗೆಳತಿಯರಿಗೂ ಹೇಳಲಿಲ್ಲ. ಆರು ವರ್ಷ ಎಲ್ಲರಿಗಿಂತ ಮೊದಲು ಹೋಗಿ ಬಲಗಡೆಯ ಗೋಡೆಗೆ ಒತ್ತಿಕೊಂಡು ಕೂರುತ್ತಿದ್ದೆ, ಯಾರೂ ಆ ಪಕ್ಕಕ್ಕೆ ಬಾರದಿರಲಿ ಎಂದು. ಬೇರೆ ಕಣ್ಣಿನ ಮೇಸ್ತ್ರಿಯ ಹತ್ತಿರ ಹೋಗಲೂ ನಾಚಿಕೆಯಾಗಿ ನೀರು ಸುರಿಸಿಕೊಂಡು ಇದ್ದೆ. ನೀನು ಹಾಕಿದ ಬೀಗ ಎಂದು ಬೈದುಕೊಳ್ಳುತ್ತಿದ್ದೆ, ಅಷ್ಟು ವರ್ಷವೂ ಕೀಲಿಕೈ ನನ್ನ ಹತ್ತಿರವೇ ಇತ್ತು.

ಹೋದ ಶನಿವಾರ ಗೋಡೆ ಬಿಟ್ಟು ನಡುವೆ ಕೂತು ಹೇಳಿದೆ. ಟೀ ಬಂದಿತ್ತು. "ಆ ಪತ್ರ ನಂದು. ಬಲಗಣ್ಣೂ ನಂದೇ," ಅಂದೆ. ರೂಪಕದ ಗೆಳತಿ ತಲೆ ಹಿಡಿದುಕೊಂಡು, "ಅಯ್ಯೋ ಮಾರಾಯ್ತಿ, ನಾನು ನಿನ್ನ ಕಣ್ಣಿನ ಮೇಲೆ ಒಂದೂವರೆ ಪುಟ ಕೊರೆದ್ನಲ್ಲೇ!" ಅಂದಳು. ನಕ್ಕೂ ನಕ್ಕೂ ಟೀ ಆರಿಹೋಯಿತು. ಸಂಪಾದಕಿ ಮಾತ್ರ ಎದ್ದು ಬಂದು ನನ್ನ ಬಲಗಡೆಗೆ ಸ್ಟೂಲು ಎಳೆದುಕೊಂಡು ಕೂತರು.

ಇನ್ನೊಂದು ಮಾತು. ನೀನು ಆರು ತಿಂಗಳು ಒಬ್ಬರ ಕೋಣೆ ಗುಡಿಸಿದ್ದು ನನಗೆ ಗೊತ್ತೇ ಇರಲಿಲ್ಲ. ಯಾಕೆ ಯಾವತ್ತೂ ಹೇಳಲಿಲ್ಲ? ಅದನ್ನು ಓದಿದ ಮೇಲೆ ಡಿಪೋದ ಕಸ ಗುಡಿಸುವವರಿಗೆ ದಿನಾ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದೇನೆ. ಅವರು ಹೆದರಿಕೊಂಡಿದ್ದಾರೆ. ನಿನಗೆ ಮಾಡಬೇಕಾದ ನಮಸ್ಕಾರ ಅದು.

ಮೇ ಹತ್ತಕ್ಕೆ, ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತೇನೆ. ಡಬ್ಬಿಯಲ್ಲಿರುವ ಮೂರರಲ್ಲಿ ಒಂದನ್ನೂ ಹಾಕಿಕೊಳ್ಳುವುದಿಲ್ಲ. ನನ್ನನ್ನು ನೋಡಿ ಹೊಸದು ಮಾಡು.

ಪಿಟ್ಟೆ


ಏಪ್ರಿಲ್ ೧೯

ಪಿಟ್ಟೆ,

ಬಾ.

ಬರುವ ಹಿಂದಿನ ದಿನ ಚೆನ್ನಾಗಿ ನಿದ್ದೆ ಮಾಡು. ದಾರಿಯಲ್ಲಿ ಅಳಬೇಡ, ರೆಪ್ಪೆ ಊದಿದರೆ ಅಳತೆ ತಪ್ಪುತ್ತದೆ. ಅಳುವುದಿದ್ದರೆ ಕಣ್ಣಿನ ಗೂಡಿನ ಅಚ್ಚು ತೆಗೆದ ಮೇಲೆ ಅಳೋಣ. ಕೆಂಪು, ಹಸಿರು ಬಟ್ಟೆ ಬೇಡ, ಅದರ ಬಣ್ಣ ಮುಖಕ್ಕೆ ಹೊಡೆಯುತ್ತದೆ. ಬೂದು ಬಣ್ಣದ್ದು ಹಾಕಿಕೊ. ನಾಲ್ಕು ದಿನ ರಜೆ ತೆಗೆದುಕೊ. ಮೊದಲ ದಿನ ಅಚ್ಚು, ಎರಡನೇ ದಿನ ಬಿಳಿ, ಮೂರನೇ ದಿನ ಬಣ್ಣ, ನಾಲ್ಕನೇ ದಿನ ಪಾಲಿಶ್. ಬೈಯುವುದನ್ನು ಬಣ್ಣದ ದಿನಕ್ಕೆ ಇಟ್ಟುಕೊಳ್ಳಬೇಡ.

ನಿನ್ನ ವಿಳಾಸ ಹೇಗೆ ಸಿಕ್ಕಿತು ಎಂದು ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಅಳತೆಗೆ ಬಂದಿದ್ದ ಹೆಂಗಸೊಬ್ಬರು ಆಸ್ಪತ್ರೆಯಲ್ಲಿ ಕಾಯುವ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಪದ್ಯ ಓದುತ್ತಿದ್ದರು. "ಕೇಳಿ ಮೇಸ್ತ್ರಿ, ನಮ್ಮಂಥೋರಿಗೇ ಬರೆದ ಹಾಗಿದೆ," ಎಂದು ಗಟ್ಟಿಯಾಗಿ ಓದಿದರು. ಬರೆದವಳ ಹೆಸರನ್ನೂ, ಪತ್ರಿಕೆಯ ಪದ್ಯಗಳನ್ನು ನೋಡಿಕೊಳ್ಳುವವಳು ಎಂದು ಪಕ್ಕದಲ್ಲಿದ್ದುದನ್ನೂ ನೋಡಿ ನಾನು ಕನ್ನಡಕ ಒರೆಸಿಕೊಂಡೆ. ನಿನ್ನ ಆ ನಾಲ್ಕು ಸಾಲನ್ನು ಚೀಟಿಯಲ್ಲಿ ಬರೆದು ಕೆಲಸದ ಮೇಜಿಗೆ ಅಂಟಿಸಿದ್ದೇನೆ.

ನಮ್ಮ ಗ್ರಹ ತಿರುಗುವುದಿಲ್ಲ.
ಒಂದು ಕೆನ್ನೆಗೆ ಯಾವಾಗಲೂ ಹಗಲು, ಇನ್ನೊಂದಕ್ಕೆ ಯಾವಾಗಲೂ ಇರುಳು.
ಬಂದವರನ್ನೆಲ್ಲ ನಾವು
ಹಗಲಿನ ಕಡೆಯಲ್ಲೇ ಕೂರಿಸುತ್ತೇವೆ.

ಓದಿದವರು ಇದನ್ನು ಆಕಾಶದ ವಿಷಯ ಅಂದುಕೊಂಡಿರುತ್ತಾರೆ. ಚಿಕ್ಕವಳಿದ್ದಾಗ ನೀನು ಯಾರು ಬಂದರೂ ಕೈಹಿಡಿದು ಎಡಗಡೆ ಕೂರಿಸಿಕೊಳ್ಳುತ್ತಿದ್ದೆ. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಕೋಣೆ ಗುಡಿಸಿದ್ದನ್ನು ಯಾಕೆ ಹೇಳಲಿಲ್ಲ ಎಂದರೆ, ಅದೇನು ದೊಡ್ಡ ವಿಷಯವಲ್ಲ. ನಿನಗೆ ಕಣ್ಣು ಕೂತ ದಿನ ನೀನು ಕನ್ನಡಿ ನೋಡಿ ನಕ್ಕೆ. ಅಲ್ಲಿಗೆ ನನಗೆ ಎಲ್ಲ ಬಂದು ಮುಟ್ಟಿತು.

ಮೇ ಹತ್ತಕ್ಕೆ ಒಂಬತ್ತೂವರೆಗೇ ಬಾಗಿಲು ತೆಗೆದಿಟ್ಟಿರುತ್ತೇನೆ.

ಇತಿ,
ಅಪ್ಪ


ಜೂನ್ ೨

ಸಂಪಾದಕಿ ತಾಯಿಗೆ ನಮಸ್ಕಾರ.

ಮಗಳು ಬಂದಳೋ ಇಲ್ಲವೋ ಎಂದು ಫೆಬ್ರವರಿಯಲ್ಲಿ ಕೇಳಿದ್ದಿರಿ. ಬಂದಳು. ನಾಲ್ಕು ದಿನ ಇದ್ದಳು. ಮೊದಲ ದಿನ ಅಚ್ಚು ತೆಗೆದ ಮೇಲೆ ಚೆನ್ನಾಗಿ ಬೈದಳು. ಎಂಟು ವರ್ಷದ್ದನ್ನು ಒಂದೇ ಮಧ್ಯಾಹ್ನ ಬೈದು ಮುಗಿಸಿ, "ಹಸಿವಾಗ್ತಿದೆ, ಏನಾದ್ರೂ ಮಾಡು," ಅಂದಳು. ನನಗೆ ಹೊಟ್ಟೆ ತುಂಬಿದ ಹಾಗೆ ಆಯಿತು.

ಮೂರನೇ ದಿನ ಬಣ್ಣ. ಬೂದು ಅಂಗಿ ಹಾಕಿಕೊಂಡು ಕಿಟಕಿಯ ಹತ್ತಿರ ಕೂತಳು. ನಾನು ಎಡಗಣ್ಣನ್ನು ನೋಡುತ್ತ ಬಲಗಣ್ಣನ್ನು ಬರೆಯಲು ಶುರು ಮಾಡಿದೆ. ಡಬ್ಬಿಯಲ್ಲಿದ್ದದ್ದಕ್ಕೂ ಎದುರಿಗಿದ್ದದ್ದಕ್ಕೂ ಎಷ್ಟು ವ್ಯತ್ಯಾಸ! ನೆನಪಿನಲ್ಲಿ ಅವಳ ಕಣ್ಣು ಬರೀ ಕಂದು. ಎದುರಿಗೆ ನೋಡಿದರೆ ಪಾಪೆಯ ಸುತ್ತ ಜೇನಿನ ಬಣ್ಣದ ಗೆರೆಗಳಿವೆ, ಅದು ನನಗೆ ಮರೆತೇ ಹೋಗಿತ್ತು. ಒಂದು ಗಂಟೆ ಕೈ ಮಾತು ಕೇಳಿತು. ಆಮೇಲೆ ನಡುಕ ಬಂತು. ಕರಿಗುಡ್ಡೆಯ ಕೆಳಗೆ ಒಂದು ಕಂದು ಗೆರೆ ಅಂಚು ದಾಟಿ ಬಿಳಿಗೆ ಇಳಿಯಿತು. ಒರೆಸಿದೆ, ಮತ್ತೆ ಬರೆದೆ, ಮತ್ತೆ ಇಳಿಯಿತು. ಮೂರನೇ ಸಲ ಕುಂಚವನ್ನೇ ಕೆಳಗೆ ಬೀಳಿಸಿದೆ.

"ಆಗಲ್ಲ ಪಿಟ್ಟೆ, ಬೇರೆಯವರ ಹತ್ತಿರ ಕಳಿಸ್ತೀನಿ, ನನಗಿಂತ ಚೆನ್ನಾಗಿ ಮಾಡ್ತಾರೆ," ಅಂದೆ. ಅವಳು ಎದ್ದು ಬಂದು ಮೇಜಿನ ಮೇಲಿದ್ದುದನ್ನು ಬೆಳಕಿಗೆ ಹಿಡಿದು ನೋಡಿದಳು.

"ಹೀಗೇ ಇರ್ಲಿ ಬಿಡು."

"ಗೊತ್ತಾಗುತ್ತೆ ಕಣೇ."

"ಗೊತ್ತಾಗ್ಲಿ."

ತಪ್ಪಿರುವ ಒಂದು ಕಣ್ಣೂ ಇದುವರೆಗೆ ನನ್ನ ಮೇಜು ಬಿಟ್ಟು ಹೋಗಿರಲಿಲ್ಲ. ಎಷ್ಟನ್ನು ಒಡೆದು ಮತ್ತೆ ಮಾಡಿದ್ದೇನೋ ಲೆಕ್ಕವಿಲ್ಲ. ಇದನ್ನೂ ಒಡೆಯಲು ಕೈ ಚಾಚಿದೆ. ಅವಳು ಮುಷ್ಟಿಯಲ್ಲಿ ಹಿಡಿದುಕೊಂಡುಬಿಟ್ಟಳು, ಚಿಕ್ಕಂದಿನಲ್ಲಿ ನನ್ನ ಪೆನ್ಸಿಲು ಕಿತ್ತುಕೊಂಡು ಓಡುತ್ತಿದ್ದ ಹಾಗೆ. ಮಾರನೇ ದಿನ ಅದಕ್ಕೇ ಮೇಲಿನ ಪದರ ಹಾಕಿ ಪಾಲಿಶ್ ಮಾಡಿ ಕೂರಿಸಿದೆ. ಅಂಚು ಎಲ್ಲೂ ಒತ್ತುತ್ತಿಲ್ಲ ಅಂದಳು. ಕೂರುವುದು ಚೆನ್ನಾಗಿ ಕೂತಿದೆ, ಅದರಲ್ಲಿ ಮಾತಿಲ್ಲ. ನನ್ನ ಕೈಯ ಕೊನೆಯ ಕಣ್ಣು ಅದು. ಕುಂಚಗಳನ್ನು ತೊಳೆದು ಅದೇ ದಿನ ಆಸ್ಪತ್ರೆಯಲ್ಲಿ ನನ್ನ ಹತ್ತಿರ ಕೆಲಸ ಕಲಿಯುವ ಹುಡುಗನಿಗೆ ಕೊಟ್ಟುಬಿಟ್ಟೆ.

ನನ್ನ ಜನವರಿಯ ಪತ್ರವನ್ನು ಪ್ರಕಟಿಸಬಹುದು ಎಂದು ಅವಳು ನಿಮಗೆ ಬರೆದಿದ್ದಾಳಂತೆ. ಈ ಸಲ ಅವಳನ್ನು ಕೇಳಿಯೇ ನಾನೂ ಒಪ್ಪುತ್ತಿದ್ದೇನೆ. ಕತೆಗಳ ಸಾಲಿನಲ್ಲಿ ಹಾಕುವುದೋ ಪದ್ಯಗಳ ಸಾಲಿನಲ್ಲೋ ಎಂದು ನೀವು ಏಳೂ ಜನ ಕಿತ್ತಾಡುತ್ತಿದ್ದೀರಂತೆ. ಎಲ್ಲಿ ಬೇಕಾದರೂ ಹಾಕಿ ತಾಯಿ. ನೀವು ಕತೆ ಎಂದು ತಪ್ಪು ತಿಳಿಯದೆ ಇದ್ದಿದ್ದರೆ ಅದು ಅವಳ ಕೈಗೆ ಹೀಗೆ ಬರುತ್ತಿರಲಿಲ್ಲ. ಅಪ್ಪನ ಕಾಗದ ಎಂದಿದ್ದರೆ ತೆರೆಯದೆ ಎಸೆಯುತ್ತಿದ್ದೆ ಎಂದು ಅವಳೇ ಹೇಳಿದಳು. ನಿಮಗೆ ಹೇಗೆ ಉಪಕಾರ ಹೇಳಬೇಕೋ ನನಗೆ ತಿಳಿಯುತ್ತಿಲ್ಲ. ನೀವು ಅವಳ ಬಲಗಡೆಗೆ ಸ್ಟೂಲು ಎಳೆದುಕೊಂಡು ಕೂತದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಅವಳು ಹೊರಡುವ ದಿನದ್ದೊಂದು ಹೇಳಿ ಮುಗಿಸುತ್ತೇನೆ. ಬಸ್ಸಿಗೆ ಹೊತ್ತಿತ್ತು. ನಮ್ಮ ಬೀದಿಯ ಟೀ ಅಂಗಡಿಗೆ ಹೋದೆವು. ಅಂಗಡಿಯಾಕೆ ಅವಳನ್ನು ಲಂಗ ಹಾಕುವ ವಯಸ್ಸಿನಿಂದ ಬಲ್ಲವರು. ನಾನು ಆಸ್ಪತ್ರೆಯಲ್ಲಿ ಏನೋ ಕೆಲಸ ಮಾಡುತ್ತೇನೆ ಎಂದಷ್ಟೇ ಅವರಿಗೆ ಗೊತ್ತು, ಏನು ಕೆಲಸ ಎಂದರೆ ಎಲ್ಲಿ ಮಗಳ ಮುಖ ನೋಡುತ್ತಾರೋ ಎಂದು ಆ ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಆಕೆ ಲೋಟ ಇಡುತ್ತ ಇವಳ ಮುಖ ನೋಡಿದರು. ಇನ್ನೊಂದು ಸಲ ನೋಡಿದರು.

"ಕಣ್ಣಿಗೇನಾಯ್ತೇ?"

ಏನಿಲ್ಲ, ಧೂಳು ಬಿದ್ದಿದೆ ಎನ್ನಲು ನಾನು ಬಾಯಿ ತೆರೆದಿದ್ದೆ. ಹಳೆಯ ಚಾಳಿ. ಅಷ್ಟರಲ್ಲಿ ಅವಳೇ ಹೇಳಿದಳು.

"ಇದು ನಮ್ಮಪ್ಪ ಮಾಡಿದ್ದು. ಎರಡು ವರ್ಷದೋಳಿದ್ದಾಗಿಂದ ಈ ಕಡೆ ಕಣ್ಣನ್ನ ಅವ್ರೇ ಮಾಡಿ ಕೊಡ್ತಿರೋದು. ಹತ್ತಿರ ಬಂದು ನೋಡಿ, ಚೆನ್ನಾಗಿದೆ ಅಲ್ವಾ?"

ಆಕೆ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದರು. ಮೂಗಿನ ತುದಿಯಲ್ಲಿದ್ದ ಕನ್ನಡಕ ಮೇಲೆ ಸರಿಸಿ, ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ವರ್ಷ ಇಲ್ಲೇ ಟೀ ಕುಡ್ಕೊಂಡು ಹೋಗ್ತಿದ್ರಿ, ಒಂದು ದಿನಾನೂ ಬಾಯಿ ಬಿಡ್ಲಿಲ್ವಲ್ರೀ," ಅಂದರು.

ಲೋಟ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ. ಮೂವತ್ತನಾಲ್ಕು ವರ್ಷದಲ್ಲಿ ಆ ಬೀದಿಯಲ್ಲಿ ನನ್ನ ಕೆಲಸವನ್ನು ಒಬ್ಬರು ನೋಡಿದ್ದು ಅದೇ ಮೊದಲು ತಾಯಿ.

ಇತಿ,
ಪಿಟ್ಟೆಯ ಅಪ್ಪ